ಒತ್ತಿ ಹಿಡಿ

ಕನ್ನಡಿಗರ ಮನೆಯಲ್ಲಿ ರೇಡಿಯೋ ಸ್ಟೇಷನ್ನನ್ನು ಹುಡುಕಿದರೂ ಕೊನೆಗೆ ಆಡುವ ಮಾತು ‘ಹಿಡಿ’. ಸಿಲೋನ್ ಹಿಡಿ, ವಿವಿಧಭಾರತಿ ಹಿಡ್ಕೊಡು, ಇವತ್ತು ಧಾರವಾಡ ಸರಿಯಾಗಿ ಹಿಡೀತಿಲ್ಲ. ರೇಡಿಯೋ ಚಾಲೂ ಮಾಡುವುದಕ್ಕಾದರೆ ಸೀಮೆಗೊಂದು ಕ್ರಿಯಾಪದ ಇದೆ. ಬೆಂಗಳೂರಿನವರು ಹಾಕುತ್ತಾರೆ, ಧಾರವಾಡದ ಕಡೆಯವರು ಹಚ್ಚುತ್ತಾರೆ. ಸ್ಟೇಷನ್ನಿನ ವಿಷಯಕ್ಕೆ ಬಂದಾಗ ಇಬ್ಬರ ಕೈಯೂ ಹಿಡಿಯುವುದಕ್ಕೇ ಚಾಚುತ್ತದೆ.

ಹಳಗನ್ನಡದಲ್ಲಿ ಇದು ‘ಪಿಡಿ’. ಪಾಲ್ ಹಾಲಾಗಿ, ಪೂ ಹೂವಾದ ಹಾದಿಯಲ್ಲೇ ಪಿಡಿ ಹಿಡಿಯಾಯಿತು. ತಮಿಳಿನಲ್ಲಿ ಇಂದಿಗೂ ಪಿಡಿಯೇ. ಬೆಂಗಳೂರಿನ ಗೋವಿಂದರಾಜನಗರದ ಸುತ್ತಮುತ್ತ ಒಂದು ದಿನ ಕಳೆಯಿರಿ, ಈ ಪದ ಎಷ್ಟು ಬಗೆಯಲ್ಲಿ ಕಿವಿಗೆ ಬೀಳುತ್ತದೆ ನೋಡಿ. ಹೊಸಹಳ್ಳಿಯಲ್ಲಿ ಮೆಟ್ರೋ ಹಿಡಿಯಬೇಕು, ಮಾಗಡಿ ರಸ್ತೆಗೆ ಆಟೋ ಹಿಡಿಯಬೇಕು. ಮಗುವಿಗೆ ಶೀತ ಹಿಡಿದಿದೆ, ಗೇಟಿಗೆ ತುಕ್ಕು ಹಿಡಿದಿದೆ, ಸಂಜೆಗೆ ಮಳೆ ಹಿಡಿಯುತ್ತದೆ. ವ್ಯಾಪಾರ ಕೈ ಹಿಡಿಯಿತು, ಹುಡುಗ ಹಟ ಹಿಡಿದ, ಸೀರೆ ಮನಸ್ಸಿಗೆ ಹಿಡಿಸಿತು. ಕೆಲವನ್ನು ನಾವು ಹಿಡಿಯುತ್ತೇವೆ, ಕೆಲವು ನಮ್ಮನ್ನು ಹಿಡಿಯುತ್ತವೆ. ಹಿಡಿಯುತ್ತಿರುವವರು ಯಾರು ಎಂಬ ಪ್ರಶ್ನೆ ಈ ಪದದ ಬೆನ್ನಿಗೇ ಇರುತ್ತದೆ. ರೇಡಿಯೋದ ಕತೆಯನ್ನು ಆ ಪ್ರಶ್ನೆ ಹಿಡಿದುಕೊಂಡೇ ಹೇಳಬಹುದು.

ಮೊದಲು ಹಿಡಿಯುತ್ತಿದ್ದವರು ಮನುಷ್ಯರು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದಾಗ ಅವರ ಕೈಯಲ್ಲಿದ್ದದ್ದು 30 ವ್ಯಾಟಿನ ಪ್ರೇಷಕ. ಅಷ್ಟು ಸಣ್ಣ ದನಿಯನ್ನು ಕೇಳುವವನು ತಾನೇ ಹೋಗಿ ಹಿಡಿಯಬೇಕಿತ್ತು. ಈಗ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರದ ಹಿಂದೆ 200 ಕಿಲೋವ್ಯಾಟ್ ಇದೆ. ಐವತ್ತರ ದಶಕದಲ್ಲಿ ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಯಿತು. ಜನ ಶಾರ್ಟ್‌ವೇವ್‌ನಲ್ಲಿ ರೇಡಿಯೋ ಸಿಲೋನ್ ಹಿಡಿಯತೊಡಗಿದರು. ಬುಧವಾರ ರಾತ್ರಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಬರುವ ಹೊತ್ತಿಗೆ ಮನೆಯಲ್ಲಿ ಕೈ ಹದವಾಗಿದ್ದವರೊಬ್ಬರು ಸೆಟ್ಟಿನ ಮುಂದೆ ಕೂರಬೇಕಿತ್ತು. ಆ ಹಾಡುಗಳನ್ನು ಮನೆಗೆ ವಾಪಸು ಕರೆತರಲೆಂದೇ 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಹುಟ್ಟಿತು.

ಆ ಸೆಟ್ಟುಗಳೊಳಗೆ ಗುಂಡಿಗೂ ಮುಳ್ಳಿಗೂ ನಡುವೆ ಒಂದು ದಾರ, ದಾರದ ಇನ್ನೊಂದು ಕಡೆ ಗ್ಯಾಂಗ್ ಕಂಡೆನ್ಸರು. ಗುಂಡಿ ತಿರುಗಿಸಿದರೆ ಲೋಹದ ತಗಡುಗಳು ಒಂದರೊಳಗೊಂದು ಸರಿಯುತ್ತವೆ, ಅಷ್ಟರಮಟ್ಟಿಗೆ ತರಂಗ ಬದಲಾಗುತ್ತದೆ. ಸೆಟ್ಟು ಬಿಸಿಯಾದಂತೆ ಹಿಡಿದದ್ದು ಜಾರುತ್ತಿತ್ತು, ಮತ್ತೆ ಕೂದಲೆಳೆಯಷ್ಟು ತಿರುಗಿಸಬೇಕು. ಸಂಗೀತಗಾರ ಶ್ರುತಿ ಹಿಡಿಯುವುದೂ ಇದೇ ಕೆಲಸ: ಕೈ ಸರಿಯುತ್ತಿರುತ್ತದೆ, ಸಾಕು ಎನ್ನುವುದು ಕಿವಿ.

ಹೋಂ ಸ್ಟೀರಿಯೋಗಳಿಗೆ ಡಿಜಿಟಲ್ ಟ್ಯೂನರ್ ಬಂದ ಮೇಲೆ ದಾರವೂ ಹೋಯಿತು, ಮುಳ್ಳೂ ಹೋಯಿತು. ಕ್ವಾರ್ಟ್ಜ್ ಹರಳಿನ ಕಂಪನವನ್ನು ಅಳತೆಗೋಲು ಮಾಡಿಕೊಂಡು ಸೆಟ್ಟು ತರಂಗವನ್ನು ಅಲುಗದಂತೆ ನಿಲ್ಲಿಸುತ್ತದೆ. ಬೇಕಾದ ಸ್ಟೇಷನ್ ಬಂದಾಗ ಕೆಲವು ಸೆಟ್ಟುಗಳಲ್ಲಿ ಮೆಮೊರಿ ಎಂದು ಬರೆದ ಬಟನ್ ಒತ್ತಿ ಅಂಕಿ ಆರಿಸಬೇಕು. ಇನ್ನು ಕೆಲವುಗಳಲ್ಲಿ ಅಂಕಿಯ ಬಟನ್ನನ್ನೇ ಕ್ಷಣಹೊತ್ತು ಒತ್ತಿ ಹಿಡಿಯಬೇಕು. ಸೆಟ್ಟಿನ ಕೆಲಸ ಬದಲಾದರೂ ಮಾತು ಮನೆ ಬಿಟ್ಟು ಹೋಗಲಿಲ್ಲ, ಗುಂಡಿಯಿಂದ ಬಟನ್ನಿಗೆ ಬಂತು. ಸುಮ್ಮನೆ ಒತ್ತಿದರೆ ಇಟ್ಟದ್ದು ಬರುತ್ತದೆ, ಒತ್ತಿ ಹಿಡಿದರೆ ಹೊಸದು ಕೂರುತ್ತದೆ. ಇದನ್ನು ವಿವರಿಸುವ ಪುಸ್ತಕಕ್ಕೆ ನಾವು ಕೈಪಿಡಿ ಎನ್ನುತ್ತೇವೆ. ಹಳೆಯ ಪಿಡಿ ಅಲ್ಲಿ ಹಾಗೇ ಉಳಿದುಕೊಂಡಿದೆ.

ಹಾಗೆ ಹಿಡಿದಿಟ್ಟದ್ದು ಹಾಡಲ್ಲ, ದನಿಯಲ್ಲ, ಬರೀ ಒಂದು ಸಂಖ್ಯೆ. 102.9 ಅಂದರೆ ವಿವಿಧಭಾರತಿ, 101.3 ಅಂದರೆ ಎಫ್‌ಎಂ ರೈನ್‌ಬೋ. ಎಷ್ಟೋ ಹಳೆಯ ಸೆಟ್ಟುಗಳಲ್ಲಿ ಆ ಸಂಖ್ಯೆಯನ್ನು ಕಾಯುವುದು ಒಳಗಿನ ಪುಟ್ಟ ಕೆಪಾಸಿಟರು ಅಥವಾ ಬ್ಯಾಟರಿ. ಪ್ಲಗ್ ಕಿತ್ತು ಊರಿಗೆ ಹೋಗಿ ಕೆಲವು ದಿನ ಬಿಟ್ಟು ಬಂದರೆ ಎಲ್ಲ ಖಾಲಿ. ಕಾರಿನ ಸೆಟ್ಟಿನಲ್ಲಿ ಆ ಕೆಲಸ ಸಾಮಾನ್ಯವಾಗಿ ಹಳದಿ ತಂತಿಯದು. ಕೀ ತೆಗೆದರೂ ಬ್ಯಾಟರಿಯಿಂದ ಅದರಲ್ಲಿ ಕರೆಂಟ್ ಬರುತ್ತಲೇ ಇರಬೇಕು. ಈಚಿನ ಸೆಟ್ಟುಗಳಿಗೆ ಕರೆಂಟಿಲ್ಲದೆಯೂ ನೆನಪು ಉಳಿಯುತ್ತದೆ. ಹಳೆಯದನ್ನು ಇಟ್ಟುಕೊಂಡಿರುವವರು ಸೆಟ್ಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಯಾವ ಅಂಕಿಗೆ ಯಾವ ಸ್ಟೇಷನ್ ಎಂದು ಬರೆದಿಡುವುದು ಒಳ್ಳೆಯದು.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಸೆಟ್ಟು ಬೇರೆಯದೇ ತಕರಾರು ತೆಗೆಯುತ್ತದೆ. ಅಲ್ಲಿ ಮೀಡಿಯಂವೇವ್ ಸ್ಟೇಷನ್ನುಗಳ ನಡುವಿನ ಹೆಜ್ಜೆ 10 ಕಿಲೋಹರ್ಟ್ಸ್, ನಮ್ಮಲ್ಲಿ 9. ನಮ್ಮ 612 ಒಂಬತ್ತರ ಮಗ್ಗಿಯಲ್ಲಿ ಬರುತ್ತದೆ, ಹತ್ತರ ಮಗ್ಗಿಯಲ್ಲಿ ಬರುವುದಿಲ್ಲ. ಆ ಸೆಟ್ಟು 610ಕ್ಕೆ ನಿಲ್ಲುತ್ತದೆ, ಇಲ್ಲವೇ 620ಕ್ಕೆ ಹಾರುತ್ತದೆ, 612ನ್ನು ಮಾತ್ರ ಸರಿಯಾಗಿ ಹಿಡಿಯಲಾರದು. ಎಫ್‌ಎಂನಲ್ಲೂ ಅದು ಬೆಸ ಅಂಕಿಗಳಲ್ಲೇ ನಡೆಯುವ ಸೆಟ್ಟಾದರೆ 102.9 ಸಲೀಸು, 104.0 ಮಾತ್ರ ಕೈಗೆ ಸಿಗುವುದಿಲ್ಲ. ಹಿಂಬದಿಯಲ್ಲಿ 9 ಮತ್ತು 10ರ ಸ್ವಿಚ್ ಇದ್ದರೆ ಬಚಾವ್. ಆದರೆ ಅದನ್ನು ಸರಿಸಿದರೆ ಅನೇಕ ಸೆಟ್ಟುಗಳಲ್ಲಿ ಹಿಡಿದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಸ್ವಿಚ್, ಆಮೇಲೆ ಸ್ಟೇಷನ್.

2001ರ ಜುಲೈಯಲ್ಲಿ ರೇಡಿಯೋ ಸಿಟಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಶುರುವಾಯಿತು. 2006ರ ಸುಮಾರಿಗೆ ಮಿರ್ಚಿ, ಬಿಗ್, ಇಂಡಿಗೋ ಎಲ್ಲ ಬಂದು ಅಂಕಿಗಳು ಒತ್ತೊತ್ತಾಗಿ ತುಂಬಿಕೊಂಡವು. ನಮ್ಮಮ್ಮನ ಕಣ್ಣು ಮಂಜಾದದ್ದೂ ಆ ದಿನಗಳಲ್ಲೇ. ಸೆಟ್ಟಿನ ಹಸಿರು ಅಂಕಿಗಳನ್ನು ಅವಳು ಓದಲಾರಳು. ಒಂದಕ್ಕೆ ರೈನ್‌ಬೋ, ಎರಡಕ್ಕೆ ವಿವಿಧಭಾರತಿ, ಮೂರಕ್ಕೆ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾಗಿದ್ದ 100.1ರ ಅಮೃತವರ್ಷಿಣಿ ಕೂರಿಸಿಕೊಟ್ಟೆ. ಬೆರಳಿನಿಂದ ಬಟನ್ನುಗಳನ್ನು ಸವರಿ ಎಣಿಸಿಕೊಂಡು ಒತ್ತುತ್ತಿದ್ದಳು. ಸ್ವಲ್ಪ ದಿನಕ್ಕೆ ಸ್ಟೇಷನ್ನಿನ ಹೆಸರೇ ಮನೆಯಿಂದ ಮಾಯ. “ಎರಡರಲ್ಲಿ ರಾಜ್‌ಕುಮಾರ್ ಹಾಡು ಬರ್ತಿದೆ”, “ಸಂಜೆ ಮೂರರಲ್ಲಿ ವೀಣೆ ಇದೆ” ಎನ್ನುವಳು. ಸೆಟ್ಟಿನ ಮುಂದೆ ಯಾರನ್ನೂ ಕೂಗದೆ ತನಗೆ ಬೇಕಾದ್ದನ್ನು ತಾನೇ ಹಾಕಿಕೊಳ್ಳುವ ಸುಖ ಅವಳಿಗೆ ಬಹಳ ದೊಡ್ಡದಾಗಿತ್ತು.

ಒಂದು ರಜೆಯಲ್ಲಿ ತಂಗಿಯ ಮಗ ಬಂದವನು ಪ್ರೀತಿಯಿಂದಲೇ ಆಟೋ ಸ್ಕ್ಯಾನ್ ಒತ್ತಿದ. ಸೆಟ್ಟು ಕೆಳಗಿನಿಂದ ಮೇಲಕ್ಕೆ ಓಡಿ, ಬಲವಾಗಿ ಸಿಕ್ಕಿದ್ದನ್ನೆಲ್ಲ ಅಂಕಿಯ ಕ್ರಮದಲ್ಲಿ ತುಂಬಿಕೊಂಡಿತು. 91ರ ಆಸುಪಾಸಿನವು ಮುಂದೆ ಬಂದವು, 102.9 ಎಲ್ಲೋ ಹಿಂದಕ್ಕೆ ಹೋಯಿತು. ಎರಡು ಒತ್ತಿದರೆ ಇಂಗ್ಲಿಷ್ ಹಾಡು.

“ನನ್ನ ಎರಡು ಎಲ್ಲೋಯ್ತೋ ಪುಟ್ಟಾ?”

“ಅಜ್ಜಿ, ಈಗ ಎಲ್ಲಾ ಸ್ಟೇಷನ್ನೂ ಹಿಡಿದಿದೆ ನೋಡಿ!”

“ಅದು ಹಿಡಿದಿದ್ದು ಅದಕ್ಕಾಯ್ತು. ನಂದು ನಂಗೆ ಹಿಡ್ಕೊಡು.”

ಈ ಪದದ ಬಾಳಿನ ತಿರುವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ. ಹುಡುಗನ ವಾಕ್ಯದಲ್ಲಿ ಹಿಡಿದದ್ದು ಸೆಟ್ಟು. ಅದಕ್ಕೆ ಗೊತ್ತಿರುವುದು ಸಿಗ್ನಲ್ಲಿನ ಬಲ ಮಾತ್ರ. ಅಮ್ಮನ ವಾಕ್ಯದಲ್ಲಿ ಹಿಡಿಯುವುದು ಒಬ್ಬರು ಇನ್ನೊಬ್ಬರಿಗಾಗಿ ಮಾಡುವ ಕೆಲಸ. ಸ್ಟೇಷನ್ ಹಿಡಿದಿಡುವ ಈ ಪ್ರಿಸೆಟ್ ಬಂದು ಕೈಚಳಕ ಹಾಳಾಯಿತು ಎಂದು ಕೊರಗುವವರನ್ನು ಕಂಡಿದ್ದೇನೆ, ನಾನು ಒಪ್ಪುವುದಿಲ್ಲ. ದಿನಾ ಹಿಡಿಯುವ ಶ್ರಮವನ್ನು ಅದು ಒಂದೇ ಸಲಕ್ಕೆ ಮುಗಿಸಿತು, ಕೈ ನಡುಗುವವರಿಗೂ ಕಣ್ಣು ಕಾಣದವರಿಗೂ ಸ್ಟೇಷನ್ ದೊರಕಿಸಿತು. ಹಿಡಿದಿಡುವಾಗ ಮಾತ್ರ ಮನುಷ್ಯರ ಕೈ ಇರಬೇಕು. ಮನೆಯ ಹಿರಿಯರ ಪಕ್ಕ ಕೂತು, ಅವರು ಹೇಳಿದ ಕ್ರಮದಲ್ಲಿ, ಒಂದೊಂದನ್ನೂ ಕೇಳಿಸಿ ಕೂರಿಸಬೇಕು. ಗುಯ್‌ಗುಟ್ಟುವ ಸ್ಟೇಷನ್ನನ್ನು ಮೋನೋ ಮಾಡಿ ಇಟ್ಟರೆ ದನಿ ತಿಳಿಯಾಗುತ್ತದೆ, ಆ ಆಯ್ಕೆಯನ್ನೂ ನೆನಪಿಡುವ ಸೆಟ್ಟುಗಳಿವೆ. 612 ಕೇಳಬೇಕಾದವರು ಸೆಟ್ಟನ್ನು ಯುಪಿಎಸ್, ಚಾರ್ಜರ್, ಎಲ್ಇಡಿ ದೀಪಗಳಿಂದ ದೂರ ಎತ್ತಿಡಬೇಕು, ಆ ಗಲಾಟೆಯಲ್ಲಿ ಮೀಡಿಯಂವೇವ್ ಬದುಕುವುದು ಕಷ್ಟ.

ಈಗ ಆಕಾಶವಾಣಿ ಫೋನಿನ ಆ್ಯಪಿನಲ್ಲೂ ಬರುತ್ತದೆ. ಅಲ್ಲಿ ಯಾರೂ ಸ್ಟೇಷನ್ ಹಿಡಿಯುವುದಿಲ್ಲ, ಓಪನ್ ಮಾಡುತ್ತಾರೆ. ‘ಹಿಡಿ’ ಅಲ್ಲಿ ಟವರಿನ ಪಾಲಾಗಿದೆ: “ಇಲ್ಲಿ ಟವರ್ ಹಿಡಿಯಲ್ಲ, ಬಾಲ್ಕನಿಗೆ ಬಾ.” ಕನ್ನಡದ ಪರದೆಗಳಲ್ಲಿ ಇಟ್ಟುಕೊಳ್ಳುವ ಬಟನ್ನಿಗೆ ‘ಉಳಿಸಿ’ ಎಂದೋ ‘ಸಂಗ್ರಹಿಸಿ’ ಎಂದೋ ಬರೆದಿರುತ್ತದೆ. ಉಳಿಸುವುದು ದುಡ್ಡಿಗೆ ಸರಿ, ಸಂಗ್ರಹಿಸುವುದು ಉಗ್ರಾಣಕ್ಕೆ ಸರಿ. ಹಾರಿಹೋಗುವ ದನಿಯನ್ನು ನಮಗಾಗಿ ಒಂದು ಅಂಕಿಯಲ್ಲಿ ಇಡುವುದಕ್ಕೆ ‘ಹಿಡಿದಿಡಿ’ ಎಂಬ ಪದ ನಮ್ಮ ಬಾಯಲ್ಲೇ ಇದೆ. ರೇಡಿಯೋ ಸೆಟ್ಟಿಗೋ ಆ್ಯಪಿಗೋ ಕನ್ನಡ ಬರೆಯುವವರು ಆ ಬಟನ್ನಿನ ಮೇಲೆ ಅದನ್ನೇ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.