ಹೊಸ ಗಾಡಿ ಯಾಕೆ ಎಳೀವಲ್ದು?

ಟರ್ಬೋ ಕಾರಿನ ಇತಿಹಾಸ ಬರೆದವರೆಲ್ಲ ಸಾಮಾನ್ಯವಾಗಿ ವೇಗದ ಬಗ್ಗೆ ಬರೀತಾರೆ. ನನಗೆ ಅದು ದೂರುಗಳ ಇತಿಹಾಸದ ಹಾಗೆ ಕಾಣುತ್ತೆ. ಯಾಕಂದ್ರೆ ಜನಸಾಮಾನ್ಯರಿಗೆ ಮಾರಿದ ಮೊಟ್ಟಮೊದಲ ಟರ್ಬೋ ಕಾರುಗಳಲ್ಲಿ ಒಂದಕ್ಕೇ "ಹೊಸ ಗಾಡಿ, ಆದ್ರೂ ಎಳೆಯೋದಿಲ್ಲ" ಅನ್ನೋ ಹಣೆಪಟ್ಟಿ ಅಂಟಿತ್ತು.

ಆ ಕಾರು ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ವರ್ಷ 1962. ಅಲ್ಯೂಮಿನಿಯಂ ವಿ8 ಎಂಜಿನ್, 215 ಘನ ಇಂಚು, ಅಂದ್ರೆ ಸುಮಾರು 3.5 ಲೀಟರ್. ಶಕ್ತಿ 215 ಅಶ್ವಶಕ್ತಿ. ಇಂಚಿಗೊಂದು ಕುದುರೆ ಅಂತ ಜಾಹೀರಾತು ಕೊಡಲಿಕ್ಕೆ ಹೇಳಿ ಮಾಡಿಸಿದ ಲೆಕ್ಕ. ಆದರೆ ಎಂಜಿನಿಯರುಗಳು ಒಂದು ಸಾಹಸ ಮಾಡಿದ್ದರು. ಟರ್ಬೋ ಇಟ್ಟೂ ಕಂಪ್ರೆಶನ್ ಅನುಪಾತವನ್ನು 10.25ರಷ್ಟು ಎತ್ತರಕ್ಕೆ ಇಟ್ಟಿದ್ದರು. ಟರ್ಬೋ ಒತ್ತಿ ತುಂಬಿದ ಗಾಳಿ ಮೊದಲೇ ಬಿಸಿ, ಅದನ್ನು ಇನ್ನಷ್ಟು ಅದುಮಿದರೆ ಪೆಟ್ರೋಲು ತನ್ನಷ್ಟಕ್ಕೆ ತಾನೇ ಸಿಡಿಯುತ್ತೆ. ಎಂಜಿನ್ ಒಳಗಿಂದ ಟಣ್ ಟಣ್ ಅಂತ ಬಡಿತ ಕೇಳಿದರೆ ಅದೇ ಇದು, ಪಿಸ್ಟನ್ನಿಗೆ ಕುತ್ತು. ಈ ಬಡಿತ ತಡೆಯೋಕೆ ಭಟ್ಟಿ ಇಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಎಂಜಿನ್ನಿಗೆ ಚಿಮ್ಮಿಸುತ್ತಿದ್ದರು. ಅದರ ಹೆಸರು ಟರ್ಬೋ ರಾಕೆಟ್ ಫ್ಲೂಯಿಡ್, ಕೇಳಿದರೆ ದೀಪಾವಳಿ ಪಟಾಕಿ ನೆನಪಾಗುತ್ತೆ.

ದ್ರವಕ್ಕೆ ಬೇರೆ ಟ್ಯಾಂಕು. ಅದು ಖಾಲಿಯಾದರೆ ಎಂಜಿನ್ ಹಾಳಾಗಬಾರದು ಅಂತ ಒಂದು ಕವಾಟ ಮುಚ್ಚಿಕೊಂಡು ಟರ್ಬೋ ಒತ್ತಡವನ್ನೇ ತಗ್ಗಿಸುತ್ತಿತ್ತು. ಗಾಡಿ ಓಡುತ್ತೆ, ಆದರೆ ದಮ್ಮಿಲ್ಲ. ಪೆಟ್ರೋಲ್ ಹಾಕಿಸಿ ಓಡಿಸೋದೇ ರೂಢಿಯಾಗಿದ್ದ ಜನ ಇನ್ನೊಂದು ಟ್ಯಾಂಕು ತುಂಬಿಸುವ ಗೋಜಿಗೆ ಹೋಗಲಿಲ್ಲ. ಎರಡೇ ವರ್ಷ, ಹತ್ತು ಸಾವಿರದೊಳಗೆ ಕಾರುಗಳು, 1963ಕ್ಕೆ ಅಂಗಡಿ ಬಂದ್. ಆಮೇಲೆ ಎಷ್ಟೋ ಕಾರುಗಳಿಂದ ಟರ್ಬೋ ಕಿತ್ತು ಸಾದಾ ಕಾರ್ಬ್ಯುರೇಟರ್ ಕೂರಿಸಲಾಯಿತು.

ನನ್ನ ಪ್ರಕಾರ ತಪ್ಪು ಗಿರಾಕಿಯದ್ದಲ್ಲ. ತನ್ನನ್ನು ಕಾಪಾಡಿಕೊಳ್ಳೋಕೆ ಸದ್ದಿಲ್ಲದೆ ನಿಧಾನವಾಗುವ ಯಂತ್ರ, ಯಾಕೆ ನಿಧಾನವಾದೆ ಅಂತ ಗಟ್ಟಿಯಾಗಿ ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ ಎರರ್ ನುಂಗಿ ಹಾಕುವ ಕೋಡು ಬರೆದವರಿಗೆ ರಿವ್ಯೂನಲ್ಲಿ ನಾವು ಏನು ಬೈತೀವೋ ಅದೇ ಬೈಗುಳ ಇಲ್ಲಿಗೂ ಸಲ್ಲುತ್ತೆ.

ಟರ್ಬೋ ಹುಟ್ಟಿದ್ದು ಕಾರಿಗಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಹೊಗೆಕೊಳವೆಯಿಂದ ಸುಮ್ಮನೆ ಹೊರಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸು, ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರ ತಾಜಾ ಗಾಳಿಯನ್ನು ಎಂಜಿನ್ನಿಗೆ ಒತ್ತಲಿ. ಇಷ್ಟೇ. ನಮ್ಮೂರ ಕುಲುಮೆಯಲ್ಲಿ ತಿದಿ ಒತ್ತಿದ ಹಾಗೆ, ಗಾಳಿ ಜಾಸ್ತಿ ಆದರೆ ಬೆಂಕಿ ಜಾಸ್ತಿ. ವ್ಯತ್ಯಾಸ ಏನಂದ್ರೆ ಇಲ್ಲಿ ಬೆಂಕಿಯೇ ತನ್ನ ತಿದಿಯನ್ನು ತಾನು ಒತ್ತಿಕೊಳ್ಳುತ್ತೆ.

1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, 14,000 ಅಡಿಗೂ ಮೇಲೆ ಹೊತ್ತೊಯ್ದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಲಿಬರ್ಟಿ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೋ ಜೋಡಿಸಿದಾಗ 356. ಎಂಜಿನ್ನಿನ ಸುಸ್ತಿಗೆ ಕಾರಣ ಗಾಳಿಯ ಕೊರತೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಇನ್ನೊಂದು ನನಗೆ ಗೊತ್ತಿಲ್ಲ.

ಕಾರಿನಲ್ಲಿ ಟರ್ಬೋ ದಿನಬಳಕೆಗೆ ಪಳಗಿದ್ದು ಸ್ವೀಡನ್ನಿನ ಸಾಬ್ ಕಂಪನಿಯ ಕೈಯಲ್ಲಿ, 1970ರ ದಶಕದ ಕೊನೆಗೆ. ಆಮೇಲೆ ಎಂಬತ್ತರ ದಶಕದ ಶುರುವಿನಲ್ಲಿ ಅವರು ಬಡಿತ ಕೇಳಿಸಿಕೊಳ್ಳುವ ಸೆನ್ಸರ್ ಇಟ್ಟು, ಪೆಟ್ರೋಲು ಕಳಪೆಯಾಗಿದ್ದರೆ ಒತ್ತಡವನ್ನು ತಾನೇ ಇಳಿಸುವ ವ್ಯವಸ್ಥೆ ತಂದರು. ಜೆಟ್‌ಫೈರ್‌ನ ಕವಾಟ ಮಾಡುತ್ತಿದ್ದ ಕೆಲಸ ಎಲೆಕ್ಟ್ರಾನಿಕ್ಸ್ ಕೈಗೆ ಬಂತು.

ನಮ್ಮ ದೇಶಕ್ಕೆ ಪೆಟ್ರೋಲ್ ಟರ್ಬೋ ತಂದದ್ದು ವೇಗದ ಹುಚ್ಚಿಗಿಂತ ತೆರಿಗೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. 2017ರ ಜಿಎಸ್‌ಟಿಯಲ್ಲೂ ಅದೇ ಗೆರೆ ಉಳಿಯಿತು. ಸಣ್ಣ ಎಂಜಿನ್ನಿನಿಂದಲೇ ದೊಡ್ಡ ಕೆಲಸ ತೆಗೀಬೇಕು ಅಂದ್ರೆ ಟರ್ಬೋ ಬಿಟ್ಟು ಬೇರೆ ದಾರಿ ಕಡಿಮೆ. 2013ರಲ್ಲಿ ಪೋಲೋ ಜಿಟಿಯ 1.2 ಲೀಟರ್, ಇಕೋಸ್ಪೋರ್ಟ್‌ನ 1.0 ಲೀಟರ್ ಬಂದವು. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಬಂದ ಮೇಲೆ ಹಲವು ಸಣ್ಣ ಡೀಸೆಲ್‌ಗಳು ಮಾಯ, ಆ ಜಾಗಕ್ಕೂ ಟರ್ಬೋ ಪೆಟ್ರೋಲ್ ಬಂತು.

ಇದರಲ್ಲೊಂದು ಅಪಾಯ ಅಡಗಿದೆ. ಟರ್ಬೋ ಕೈಕೊಟ್ಟರೂ ಜೆಟ್‌ಫೈರ್ ಬಳಿ 3.5 ಲೀಟರ್ ಎಂಜಿನ್ ಇತ್ತು. ನಮ್ಮ ಬಳಿ ಇರೋದು ಮೂರು ಸಿಲಿಂಡರಿನ 1 ಲೀಟರ್. ಟರ್ಬೋ ಇಲ್ಲ ಅಂದ್ರೆ ಅದು ಬರೀ 1 ಲೀಟರ್.

ಇದು ನನಗೆ ಅರ್ಥವಾದದ್ದು ಬೀದರ್–ಭಾಲ್ಕಿ ರಸ್ತೆಯಲ್ಲಿ. ಕಾರಿಗೆ ಏಳು ತಿಂಗಳು. ಹೈದರಾಬಾದಿನಿಂದ ಊರಿಗೆ ಹೊರಟಿದ್ದೆ, ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ. ಕಬ್ಬಿನ ಹಂಗಾಮು. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಹಾಕಲು ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ತುಳಿದರೆ ಸದ್ದು ಮಾತ್ರ ಜಾಸ್ತಿ ಆಯಿತು, ಗಾಡಿ ಮುಂದೆ ಹೋಗಲೇ ಇಲ್ಲ. ದೂರದಲ್ಲಿದ್ದ ಲಾರಿ ಹತ್ತಿರ ಬಂದಿತ್ತು. ಬ್ರೇಕ್ ಹಾಕಿ ಮತ್ತೆ ಕಬ್ಬಿನ ಹಿಂದೆ ಸೇರಿಕೊಂಡೆ. ಅವ್ವ ಏನೂ ಮಾತಾಡಲಿಲ್ಲ. ಅಪ್ಪ, "ಇದು ಎಳೀವಲ್ದಲ್ಲೋ" ಅಂದ.

ಅದಕ್ಕೂ ಮೊದಲು ಎರಡು ಸಲ ಸರ್ವಿಸ್ ಸೆಂಟರಿಗೆ ಒಯ್ದಿದ್ದೆ. "ಎಲ್ಲಾ ನಾರ್ಮಲ್ ಸರ್, ಎಂಜಿನ್ ಇನ್ನೂ ಸೆಟ್ ಆಗಬೇಕು" ಅಂದಿದ್ದರು. ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿದಿರಲಿಲ್ಲ ಅನ್ನೋದು ಅವರ ವಾದ. ಆದರೆ ಎಷ್ಟೋ ದೋಷಗಳು ಎರಡು ಓಟಗಳಲ್ಲಿ ಸಾಲಾಗಿ ಕಂಡರೆ ಮಾತ್ರ ದೀಪ ಹೊತ್ತುತ್ತೆ. ಅಲ್ಲಿಯವರೆಗೆ ಅದು ಬಾಕಿ ಕೋಡ್ ಅಂತ ಒಳಗೇ ಕೂತಿರುತ್ತೆ. ಊರಿಗೆ ಬಂದು ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದೆ. ಬಾಕಿ ಪಟ್ಟಿಯಲ್ಲಿ ಪಿ0299 ಇತ್ತು. ಟರ್ಬೋ ಒತ್ತಡ ಸಾಲದು ಅಂತ ಅದರರ್ಥ.

ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರ್ 94 ಕಿಲೋಪಾಸ್ಕಲ್ ತೋರಿಸಿತು. ನಮ್ಮ ಭಾಗದ ಎತ್ತರಕ್ಕೆ ಅದು ಸರಿ, ಹಾಗಾಗಿ ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ. ಮೂರನೇ ಗೇರಿನಲ್ಲಿ, ಖಾಲಿ ರಸ್ತೆಯಲ್ಲಿ ಪೂರ್ತಿ ತುಳಿದಾಗ ಕಂಪ್ಯೂಟರ್ ಕೇಳಿದ್ದು 185, ಸಿಕ್ಕಿದ್ದು 135. ಏರ್ ಫಿಲ್ಟರ್ ಸ್ವಚ್ಛ ಇತ್ತು. ಹೆಚ್ಚಾದ ಒತ್ತಡ ಹೊರಬಿಡುವ ವೇಸ್ಟ್‌ಗೇಟಿನ ತೋಳು ಅಂಟಿಕೊಳ್ಳದೆ ಆಡುತ್ತಿತ್ತು. ಉಳಿದದ್ದು ನಡುವಿನ ಪೈಪುಗಳು.

ಭಾಲ್ಕಿಯಲ್ಲಿ ಟ್ರ್ಯಾಕ್ಟರ್, ಜೀಪು ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. "ಕಾಕಾ, ಶೋರೂಮ್‌ನವ್ರು ನಿಂತ ಗಾಡಿ ನೋಡಿ ಸರಿ ಅದ ಅಂದ್ರು" ಅಂದೆ. "ನಿಂತ ಗಾಡಿ ಏನ್ ಹೇಳ್ತದ ತಮ್ಮಾ? ದಮ್ ಹಾಕಿ ನೋಡ್ಬೇಕು" ಅಂದರು. ಮಾತು ಪಕ್ಕಾ. ಎಂಜಿನ್ ಐಡಲ್‌ನಲ್ಲಿರುವಾಗ ಆ ಪೈಪಿನಲ್ಲಿ ಒತ್ತಡವೇ ಇರೋದಿಲ್ಲ, ಸೋರಿಕೆ ಕಾಣೋದಾದರೂ ಹೇಗೆ?

ಬೀದರಿನ ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ನೋಡಿದ್ದೀರಾ? ನೆಲದಡಿ ನೀರಿನ ಕಾಲುವೆ, ನಡುನಡುವೆ ಮೇಲಕ್ಕೆ ತೆರೆದ ಬಾವಿಗಳು. ಒಂದು ಬಾವಿಯಲ್ಲಿ ನೀರು ಹರಿದು ಮುಂದಿನದರಲ್ಲಿ ಇಲ್ಲ ಅಂದ್ರೆ ತೊಂದರೆ ಆ ಎರಡರ ನಡುವೆ. ಕಾಕಾ ಮಾಡಿದ್ದೂ ಹೆಚ್ಚು ಕಡಿಮೆ ಅದನ್ನೇ. ಟ್ಯೂಬಿನ ವಾಲ್ವ್ ಕೂರಿಸಿದ ಮುಚ್ಚಳದಿಂದ ಟರ್ಬೋದ ಬಾಯಿ ಮುಚ್ಚಿ, ಪಂಕ್ಚರ್ ಅಂಗಡಿಯ ಹವಾ ಸಣ್ಣಗೆ ಬಿಟ್ಟು, ಒಂದೊಂದೇ ಜೋಡಣೆಗೆ ಸಾಬೂನು ನೀರು ಹಚ್ಚುತ್ತ ಬಂದರು. ಇಂಟರ್‌ಕೂಲರ್ ದಾಟಿದ ಮೇಲಿನ ರಬ್ಬರ್ ಪೈಪಿನಡಿ ಗುಳ್ಳೆ ಎದ್ದವು. "ನೋಡು, ಇಲ್ಲಿಂದ ಹವಾ ಹೋಗ್ಲಿಕತ್ತದ." ಕ್ಲಿಪ್ಪು ತನ್ನ ಜಾಗದಲ್ಲಿರದೆ ಪೈಪಿನ ಉಬ್ಬಿನ ಮೇಲೇ ಬಿಗಿಯಾಗಿತ್ತು. ಒತ್ತಡ ಏರಿದಾಗ ಮಾತ್ರ ರಬ್ಬರು ಬಾಯಿ ಬಿಡುತ್ತಿತ್ತು.

ಕಾಕಾ ಅದನ್ನು ಮುಟ್ಟಲಿಲ್ಲ. ವಾರಂಟಿ ಇದೆ, ಅವರ ಕೈಯಿಂದಲೇ ಮಾಡಿಸು, ಫೋಟೋ ಹೊಡಕೋ ಅಂದರು. ಅಂಕಿಗಳ ಸ್ಕ್ರೀನ್‌ಶಾಟ್, ಗುಳ್ಳೆಯ ವಿಡಿಯೋ ಎರಡನ್ನೂ ಮೇಲ್ ಮಾಡಿದೆ. ಹೈದರಾಬಾದಿಗೆ ನಿಧಾನಕ್ಕೆ ವಾಪಸ್ ಬಂದ ಮೂರನೇ ದಿನ ಪೈಪು, ಕ್ಲಿಪ್ಪು ಎರಡೂ ಪುಕ್ಕಟೆ ಬದಲಾದವು. ಈಗ 185 ಕೇಳಿದರೆ 183 ಸಿಗುತ್ತೆ. ಜಾಬ್ ಕಾರ್ಡಿನಲ್ಲಿ ಮಾತ್ರ "ಜನರಲ್ ಚೆಕಪ್" ಅಂತ ಬರೆದಿದ್ದರು. ಅದನ್ನು ತಿದ್ದಿಸಿ, ಕೋಡಿನ ಸಂಖ್ಯೆ ಮತ್ತು ಬದಲಾಯಿಸಿದ ಭಾಗದ ಹೆಸರು ಬರೆಸಿಕೊಂಡೇ ಸಹಿ ಹಾಕಿದೆ. ವಾರಂಟಿ ಮುಗಿದ ಮೇಲೆ ಇದೇ ಕಾಟ ಮರಳಿದರೆ ತೋರಿಸೋಕೆ ಕಾಗದ ಬೇಕಲ್ಲ.