ಯಾರ ಎದುರು ಯಾರು?

ಉಜಿರೆ ಕಡೆಯ ಕೋಳಿಕಟ್ಟದಲ್ಲಿ ನಮ್ಮವರ ತಕರಾರು ಒಂದೇ: ಗೆದ್ದ ಹುಂಜಕ್ಕೆ ಮುಂದೆ ಯಾವುದನ್ನು ಬಿಡೋದು? ಕುಕ್ಕುಟ ಪಂಚಾಂಗ ಬಿಚ್ಚಿ ವಾರ, ಬಣ್ಣ ನೋಡ್ತಾರೆ. ಹುಂಜಕ್ಕೆ ಬಣ್ಣ ಉಂಟು, ಜಾತಿ ಇಲ್ಲ.

ಅಮೆರಿಕದ ಬಾಕ್ಸಿಂಗಿನಲ್ಲಿ ಆಗ ಬಣ್ಣವೇ ಜಾತಿಯಾಗಿತ್ತು. ಚಾಂಪಿಯನ್ ಜಾನ್ ಸಲ್ಲಿವನ್ ಕರಿಯರೊಂದಿಗೆ ಸೆಣಸೋದೇ ಇಲ್ಲ ಅಂದ. ಮೈಲಿಗೆಯಲ್ಲ, ಸೋಲಿನ ಭಯ ಅನ್ನುತ್ತೇವೆ ನಾವು. 1908ರಲ್ಲಿ ಸಿಡ್ನಿಯಲ್ಲಿ ಜ್ಯಾಕ್ ಜಾನ್ಸನ್ ಎಂಬ ಕರಿಯ ಟಾಮಿ ಬರ್ನ್ಸ್‌ನನ್ನು ಮಣಿಸಿ ಪಟ್ಟ ಕಸಿದ. ಈಗ ಬಿಳಿಯರಿಗೆ ಅವನೆದುರು ಬಿಡಲು ಒಬ್ಬ ಬಿಳಿಯ ಬೇಕಾಯಿತು. ನಿವೃತ್ತ ಜೆಫ್ರೀಸ್‌ನನ್ನೇ ಎಬ್ಬಿಸಿ ತಂದರು. 1910ರ ಜುಲೈ 4ರಂದು ಅವನೂ ಬಿದ್ದ. ಆ ರಾತ್ರಿ ಊರೂರಲ್ಲಿ ಕರಿಯರನ್ನು ಹೊಡೆದು ಕೊಂದರು.

ನಮ್ಮ ಕೊರಗರಿಗೋ, ಎದುರಾಳಿಯಾಗುವ ಮಾತೇ ಇರಲಿಲ್ಲ. ಕಂಬಳದಲ್ಲಿ ಕೋಣ ಇಳಿಯುವ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುತ್ತಿದ್ದರು. ಅಜಲು ನಿಷೇಧದ ಕಾನೂನು ಬಂದದ್ದು 2000ದಲ್ಲಿ.