ಮನೆಯ ಮರಗೆಲಸ: ಕಲ್ಯಾಣದಿಂದ ಶಂಶಾಬಾದಿನವರೆಗೆ

ಹೈದರಾಬಾದಿನಿಂದ ಕರ್ನೂಲಿನ ಮಾರ್ಗವಾಗಿ ಬೆಂಗಳೂರಿಗೆ ಹೊರಟವರು ನಗರವನ್ನು ಹಿಂದೆ ಬಿಟ್ಟೊಡನೆ ಎದುರುಗೊಳ್ಳುವ ಊರು ಶಂಶಾಬಾದ್. ೨೦೦೮ರ ಮಾರ್ಚಿಯಲ್ಲಿ ವಿಮಾನ ನಿಲ್ದಾಣವು ಬೇಗಂಪೇಟೆಯಿಂದ ಇಲ್ಲಿಗೆ ಬಂದ ಮೇಲೆ ಈ ಊರಿನ ಸುತ್ತ ಹೊಸ ಬಡಾವಣೆಗಳು ಬೆಳೆದಿವೆ. ಇಂಥ ಬಡಾವಣೆಗಳಲ್ಲಿ ಮನೆಮಾಡಿರುವ ವಿದ್ಯಾವಂತರಲ್ಲಿ ಕೆಲವರು ರಜೆಯ ದಿನಗಳಲ್ಲಿ ಗರಗಸ ಬೈರಿಗೆಗಳನ್ನು ಹಿಡಿದು, ಪುಸ್ತಕದ ಕಪಾಟನ್ನೋ ಮಕ್ಕಳ ಮೇಜನ್ನೋ ತಾವೇ ಮಾಡಿಕೊಳ್ಳುವ ಹೊಸ ರೂಢಿಯೊಂದು ಈಗ ಕಾಣಬರುತ್ತಿದೆ. ಇದು ಪಶ್ಚಿಮದಿಂದ ಬಂದ ಹವ್ಯಾಸವೆಂದು ಕೆಲವರೂ, ಬಡಗಿಯ ಕೂಲಿಯನ್ನು ಉಳಿಸುವ ಉಪಾಯವೆಂದು ಕೆಲವರೂ ಹೇಳುವುದುಂಟು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ವಿಷಯವು ಅಷ್ಟಕ್ಕೆ ಮುಗಿಯುವುದಿಲ್ಲ.

ಮನೆಯ ಪೀಠೋಪಕರಣಗಳನ್ನು ಮನೆಯ ಅಂಗಳದಲ್ಲಿಯೇ ಮಾಡಿಸುವುದು ನಮ್ಮಲ್ಲಿ ಬಹು ಹಳೆಯ ಪದ್ಧತಿ. ಮನೆಯವರೇ ಮಾಡುವುದು ಮಾತ್ರ ಹೊಸದು. ‘ಮಾಡಿಸು’ ಎಂಬ ಮಾತಿಗೂ ‘ಮಾಡು’ ಎಂಬ ಮಾತಿಗೂ ವ್ಯಾಕರಣದಲ್ಲಿ ಇರುವುದು ಒಂದು ಪ್ರತ್ಯಯದ ಅಂತರ. ಸಮಾಜದಲ್ಲಿ ಅದು ಶತಮಾನಗಳ ಅಂತರ. ಆ ಅಂತರದ ಚರಿತ್ರೆಯನ್ನು, ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ನಾಡನ್ನು ಮುಖ್ಯವಾಗಿ ದೃಷ್ಟಿಯಲ್ಲಿಟ್ಟುಕೊಂಡು, ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತುಗಳ ಸಾಕ್ಷ್ಯವನ್ನು ನೋಡೋಣ. ನಮ್ಮ ಮನೆಗಳಲ್ಲಿರುವ ಮರದ ಸಾಮಾನುಗಳ ಹೆಸರುಗಳೇ ಅವುಗಳ ವಯಸ್ಸನ್ನು ಹೇಳುತ್ತವೆ. ಮಣೆ, ತೊಟ್ಟಿಲು, ಹೊರಸು, ಮಂಚ, ಪೆಟ್ಟಿಗೆ ಇವು ಹಳೆಯವು. ಕುರ್ಚಿಯು ಅರಬ್ಬಿಯ ‘ಕುರ್ಸಿ’ಯಿಂದ ಬಂದುದು; ಮೇಜು ಪಾರಸಿಯದು; ಅಲಮಾರು ಪೋರ್ತುಗೀಜರದು; ಬೆಂಚು ಇಂಗ್ಲಿಷಿನದು. ಎಂದರೆ, ನೆಲದ ಮೇಲೆ ಕುಳಿತು ಉಂಡು, ಗೋಡೆಯ ಗೂಡಿನಲ್ಲಿ ದೀಪವನ್ನೂ ಪುಸ್ತಕವನ್ನೂ ಇಡುತ್ತಿದ್ದ ಮನೆಗೆ ಬೇಕಾದ ಮರದ ಸಾಮಾನು ಬಹಳ ಕಡಿಮೆ. ಕಾಲಿಟ್ಟು ಎತ್ತರಿಸಿದ ಆಸನವೂ ಬಾಗಿಲುಳ್ಳ ಕಪಾಟೂ ಸಾಮಾನ್ಯರ ಮನೆಗೆ ಬಂದುದು ಈಚೆಗೆ.

ಮಾಡುವವನ ಹೆಸರಾದರೋ ಎಲ್ಲೆಡೆಯೂ ಒಂದೇ ಮೂಲದ್ದು. ಸಂಸ್ಕೃತದ ‘ವರ್ಧಕಿ’ಯೇ ಕನ್ನಡದಲ್ಲಿ ಬಡಗಿಯಾಗಿ, ತೆಲುಗಿನಲ್ಲಿ ವಡ್ರಂಗಿಯಾಗಿ, ಹಿಂದಿ ಉರ್ದುಗಳಲ್ಲಿ ಬಢಈ ಆಗಿ ಉಳಿದಿದೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗನು ಈ ಮೂರನ್ನೂ ಒಂದೇ ಬೀದಿಯಲ್ಲಿ ಕೇಳಬಲ್ಲನು.

ಬೀದರ, ಕಲಬುರಗಿ, ರಾಯಚೂರುಗಳ ಹಳ್ಳಿಗಳಲ್ಲಿ ಬಡಿಗೇರನು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದನು. ನೇಗಿಲು, ಕುಂಟೆ, ಬಂಡಿಗಳ ಕೆಲಸಕ್ಕೆ ಸುಗ್ಗಿಯ ಕಾಲದಲ್ಲಿ ಕಾಳು ಪಡೆಯುತ್ತಿದ್ದನು. ಬಾಗಿಲು, ತೊಟ್ಟಿಲು, ಮಂಚಗಳಿಗೆ ಕೂಲಿಯು ಬೇರೆ. ಅವನು ತನ್ನ ಹತಾರಗಳೊಡನೆ ಒಕ್ಕಲಿನ ಮನೆಗೆ ಬಂದು, ಆ ಮನೆಯ ಮರವನ್ನೇ ಕೊಯ್ದು, ಆ ಮನೆಯವರ ಅಳತೆಗೇ ಕೆಲಸ ಮಾಡುತ್ತಿದ್ದನು. ಬಂಡಿ ನೇಗಿಲುಗಳಿಗೆ ಬದುವಿನ ಜಾಲಿ, ಹುಳು ಹತ್ತಬಾರದ ಪೆಟ್ಟಿಗೆಗೆ ಬೇವು, ಅನುಕೂಲವುಳ್ಳವರ ತಲೆಬಾಗಿಲಿಗೆ ಸಾಗುವಾನಿ. ಅಳತೆಗೆ ಬೆರಳು, ಗೇಣು, ಮೊಳ. ಅಂದರೆ ಮನುಷ್ಯನ ದೇಹವೇ ಮಾನ.

ಈ ಪದ್ಧತಿಯಲ್ಲಿ ಉಳಿಯನ್ನು ಹಿಡಿಯುತ್ತಿದ್ದವನು ಬಡಗಿಯೇ ಆದರೂ ಯಜಮಾನನು ಕೇವಲ ಹಣ ಕೊಡುವವನಾಗಿರಲಿಲ್ಲ. ಯಾವ ಮರವನ್ನು ಯಾವಾಗ ಕಡಿಯಬೇಕು, ಕಡಿದ ದಿಮ್ಮಿಯನ್ನು ನೆರಳಿನಲ್ಲಿ ಎಷ್ಟು ಕಾಲ ಒಣಗಿಸಬೇಕು ಎಂಬುದನ್ನು ಅವನೂ ಬಲ್ಲನು. ಹಸಿಯ ಮರವು ಒಣಗುವಾಗ ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆದುದರಿಂದ ಹಸಿಯ ಹಲಗೆಯಿಂದ ಮಾಡಿದ ಬಾಗಿಲು ದಖ್ಖನಿನ ಮೊದಲನೆಯ ಬೇಸಗೆಯಲ್ಲಿಯೇ ಬಿರಿಯುತ್ತದೆ. ಇದನ್ನು ತಿಳಿಯಲು ಅವನಿಗೆ ಪುಸ್ತಕ ಬೇಕಾಗಿರಲಿಲ್ಲ. ಮಾಡಿಸುವವನ ತಿಳಿವಳಿಕೆಯೂ ಮಾಡುವವನ ಕೈಯೂ ಒಂದೇ ಅಂಗಳದಲ್ಲಿ ಕೂಡುತ್ತಿದ್ದವು. ಆದರೆ ಅವು ಒಂದೇ ವ್ಯಕ್ತಿಯಲ್ಲಿ ಕೂಡಲಿಲ್ಲ. ಜಾತಿಯ ಗೆರೆಯು ಅವೆರಡರ ನಡುವೆ ಇದ್ದಿತು.

ಈ ಗೆರೆಯು ನಮ್ಮ ಗ್ರಂಥಗಳಲ್ಲಿಯೂ ಕಾಣುತ್ತದೆ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಮಂಚ ಮತ್ತು ಆಸನಗಳ ಲಕ್ಷಣಕ್ಕಾಗಿಯೇ ಒಂದು ಅಧ್ಯಾಯವನ್ನು ಬರೆದಿದ್ದಾನೆ. ಯಾವ ಮರಗಳು ಪ್ರಶಸ್ತ, ಸಿಡಿಲಿನಿಂದಲೋ ಗಾಳಿಯಿಂದಲೋ ಆನೆಗಳಿಂದಲೋ ಬಿದ್ದ ಮರವು ಏಕೆ ವರ್ಜ್ಯ ಎಂಬುದೆಲ್ಲ ಅಲ್ಲಿದೆ. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ಹೇಳುವಾಗ ಆಸನ ಶಯ್ಯೆಗಳನ್ನೂ ಸೇರಿಸಿದ್ದಾನೆ. ಇವೆರಡೂ ಮಾಡಿಸುವವನ ಮತ್ತು ಅನುಭವಿಸುವವನ ದೃಷ್ಟಿಯಿಂದ ಬರೆದವು. ಮಾಡುವವನ ದನಿ ಇವುಗಳಲ್ಲಿ ಕೇಳುವುದಿಲ್ಲ.

ಆ ದನಿಯು ಕೇಳಿಬಂದುದು ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ತರುವಾಯ. ಬಸವಣ್ಣನವರ ಕಾಲದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬಾತನು ಒಬ್ಬನು. ಬಾಚಿಯೆಂಬುದು ಮರವನ್ನು ಕೆತ್ತುವ ಬಡಗಿಯ ಹತಾರ. ಅದೇ ಅವನ ಹೆಸರಿನ ಮುಂದೆ ಬಿರುದಿನಂತೆ ನಿಂತಿದೆ. ಅವನ ವಚನಗಳೂ, ಅವನ ಪುಣ್ಯಸ್ತ್ರೀ ಕಾಳವ್ವೆಯ ವಚನಗಳೂ ನಮಗೆ ದೊರೆತಿವೆ. ಅರಸನು ಮಂಚದ ಭೋಗವನ್ನು ಸಂಸ್ಕೃತದಲ್ಲಿ ವರ್ಣಿಸಿದ ಪಟ್ಟಣದಲ್ಲಿಯೇ ಮರ ಕೆತ್ತುವವನು ತನ್ನ ಮಾತಿನಲ್ಲಿ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಕಾಯಕವು ಪೂಜೆಗೆ ಸಮಾನವೆಂದು ಶರಣರು ಸಾರಿದರೇ ಹೊರತು, ಪ್ರತಿಯೊಬ್ಬ ಗೃಹಸ್ಥನೂ ಬಡಗಿಯಾಗಬೇಕೆಂದು ಹೇಳಲಿಲ್ಲ. ಆದರೂ ಕೈಗೆಲಸವನ್ನು ಕೀಳೆಂದು ಕಾಣುವ ಭಾವವನ್ನು ಅವರು ತತ್ತ್ವತಃ ತೊಡೆದುಹಾಕಿದರು. ತತ್ತ್ವವು ನಮ್ಮ ಬಾಯಲ್ಲಿ ಉಳಿಯಿತು, ಕೈಗೆ ಇಳಿಯಲಿಲ್ಲ.

ಈಗ ಶಂಶಾಬಾದಿಗೆ ಬರೋಣ. ಈ ಊರಿನ ಹೆಸರು ಪಾಯಗಾ ಮನೆತನದ ‘ಶಂಸ್-ಉಲ್-ಉಮರಾ’ ಎಂಬ ಬಿರುದಿನಿಂದ ಬಂದುದು. ಊರು ಆ ಮನೆತನದ ಜಹಗೀರಿಗೆ ಸೇರಿದ್ದಿತು. ಈ ಬಿರುದನ್ನು ಧರಿಸಿದ್ದ ಫಖ್ರುದ್ದೀನ್ ಖಾನನು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಯುರೋಪಿನ ವಿಜ್ಞಾನ ಗ್ರಂಥಗಳನ್ನು ಉರ್ದುವಿಗೆ ಭಾಷಾಂತರ ಮಾಡಿಸಿ, ತನ್ನದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದನು. ‘ಸಿತ್ತಾ-ಎ-ಶಂಸಿಯಾ’ ಎಂಬ ಆರು ಗ್ರಂಥಗಳ ಮಾಲೆಯಲ್ಲಿ ಸನ್ನೆ, ರಾಟೆ, ಭಾರಗಳ ಶಾಸ್ತ್ರವೂ ಒಂದು. ದೇಶಭಾಷೆಯೊಂದರಲ್ಲಿ ಯಂತ್ರಶಾಸ್ತ್ರವು ಇಷ್ಟು ಮುಂಚೆ ಬಂದುದು ಹೈದರಾಬಾದಿಗೆ ಗೌರವದ ವಿಷಯ. ಆದರೆ ಸನ್ನೆಯನ್ನು ದಿನವೂ ಬಳಸುತ್ತಿದ್ದ ಹಳ್ಳಿಯ ವಡ್ರಂಗಿಗೂ ಆ ಪುಸ್ತಕಕ್ಕೂ ನಂಟು ಕೂಡಲಿಲ್ಲ. ಅದೇ ಮನೆತನದ ವಿಕಾರ್-ಉಲ್-ಉಮರಾ ೧೮೮೪ರಲ್ಲಿ ಕಟ್ಟಲಾರಂಭಿಸಿದ ಫಲಕ್‌ನುಮಾ ಅರಮನೆಯಲ್ಲಿ ನೂರೊಂದು ಜನರು ಒಮ್ಮೆಗೆ ಕುಳಿತು ಉಣ್ಣಬಹುದಾದ ಮೇಜು ಇರುವುದು ಸುವಿದಿತ. ಒಂದು ಕಡೆ ಶಾಸ್ತ್ರ, ಒಂದು ಕಡೆ ಭೋಗ, ಇವೆರಡರಿಂದಲೂ ದೂರದಲ್ಲಿ ಕೈ: ಕಲ್ಯಾಣದ ಕಥೆಯೇ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ.

ಹಳೆಯ ಪದ್ಧತಿಯು ಒಡೆದುದು ೨೦ನೆಯ ಶತಮಾನದಲ್ಲಿ. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೬ರ ನವೆಂಬರ್ ೧ರಂದು ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದಿನಲ್ಲಿಯೇ ಉಳಿದ ಕನ್ನಡಿಗರು ಮನೆಯನ್ನು ಬದಲಿಸದೆಯೇ ಪರರಾಜ್ಯದವರಾದರು. ಅದೇ ವರ್ಷ ತೂಕ ಮತ್ತು ಅಳತೆಗಳ ಶಾಸನವು ಬಂದು ದೇಶದಲ್ಲಿ ಮೆಟ್ರಿಕ್ ಮಾನವು ಆರಂಭವಾಯಿತು. ಕಾಚಿಗುಡದಂಥ ಬಡಾವಣೆಗಳ ಬಾಡಿಗೆಯ ಕೋಣೆಗಳಲ್ಲಿ ಸಂಸಾರ ಹೂಡಿದ ನೌಕರನಿಗೆ ಹಿತ್ತಲಿನ ಬೇವೂ ಇರಲಿಲ್ಲ, ಊರಿನ ಬಡಿಗೇರನೂ ಇರಲಿಲ್ಲ. ಅವನು ಅಂಗಡಿಯ ಕುರ್ಚಿಯನ್ನು ಕೊಂಡನು. ಮರದ ಗುಣವನ್ನು ಬಲ್ಲ ಯಜಮಾನನು ಬೆಲೆಯನ್ನು ಮಾತ್ರ ಬಲ್ಲ ಗಿರಾಕಿಯಾದನು. ನಮ್ಮ ನಷ್ಟವು ಇಲ್ಲಿದೆ: ‘ಮಾಡು’ ಎಂಬುದಂತೂ ನಮಗೆ ಬಂದಿರಲಿಲ್ಲ, ‘ಮಾಡಿಸು’ ಎಂಬುದರ ತಿಳಿವಳಿಕೆಯನ್ನೂ ಕಳೆದುಕೊಂಡೆವು.

ಈ ಅಂತರವನ್ನು ವಿದ್ಯಾಭ್ಯಾಸದಿಂದ ತುಂಬುವ ಪ್ರಯತ್ನವೊಂದು ನಡೆಯದೆ ಇರಲಿಲ್ಲ. ಯುರೋಪಿನಲ್ಲಿ ಫಿನ್ಲೆಂಡಿನ ಊನೊ ಸಿಗ್ನೇಯುಸನೂ ಸ್ವೀಡನ್ನಿನ ಓಟೊ ಸಾಲೊಮನ್ನನೂ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಮರಗೆಲಸವನ್ನು ಸಾಮಾನ್ಯ ಶಾಲೆಗಳಿಗೆ ತಂದರು. ಮಗುವನ್ನು ಬಡಗಿಯನ್ನಾಗಿ ಮಾಡುವುದು ಅವರ ಗುರಿಯಲ್ಲ; ಕೈಯ ಮೂಲಕ ಬುದ್ಧಿಯನ್ನು ತಿದ್ದುವುದು ಅವರ ಗುರಿ. ನಮ್ಮಲ್ಲಿ ಗಾಂಧೀಜಿಯವರು ೧೯೩೭ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಕರೆದ ಪರಿಷತ್ತಿನಿಂದ ಮೂಲಶಿಕ್ಷಣದ ಯೋಜನೆಯು ಹುಟ್ಟಿತು. ಅದನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನರು, ಮುಂದೆ ೧೯೬೭ರಲ್ಲಿ ರಾಷ್ಟ್ರಪತಿಗಳಾದ ಇವರು ೧೮೯೭ರಲ್ಲಿ ಹುಟ್ಟಿದುದು ಇದೇ ಹೈದರಾಬಾದಿನಲ್ಲಿ. ನೂಲುವುದು ನೇಯುವುದರೊಂದಿಗೆ ಮರಗೆಲಸವೂ ಆ ಯೋಜನೆಯ ಮೂಲಕಸುಬುಗಳಲ್ಲಿ ಒಂದಾಗಿದ್ದಿತು. ಯೋಜನೆಯು ನಿಲ್ಲಲಿಲ್ಲ. ೧೯೬೪ರಿಂದ ೧೯೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ‘ಕಾರ್ಯಾನುಭವ’ವೆಂಬ ಹೆಸರಿನಲ್ಲಿ ಅದರ ಅಂಶವನ್ನು ಉಳಿಸಹೋದರೂ, ಕ್ರಮೇಣ ಅದು ವೇಳಾಪಟ್ಟಿಯ ಒಂದು ಮೂಲೆಗೆ ಸೇರಿತು. ಕಾರಣವನ್ನು ಸರ್ಕಾರದಲ್ಲಿ ಮಾತ್ರ ಹುಡುಕಬಾರದು. ಮಕ್ಕಳು ಓದಿ ಕೈಗೆಲಸದಿಂದ ಪಾರಾಗಲೆಂದು ಶಾಲೆಗೆ ಕಳುಹಿಸಿದ ತಂದೆತಾಯಂದಿರು, ಎಂದರೆ ನಾವೇ, ಅದನ್ನು ಮನಸಾರೆ ಒಪ್ಪಲಿಲ್ಲ.

ಹೀಗಿರಲು, ಶಾಲೆಯಲ್ಲಿ ಬೇರೂರದುದು ಇಂದು ಮನೆಯಲ್ಲಿ ತಾನಾಗಿ ಚಿಗುರುತ್ತಿರುವುದು ಗಮನಿಸತಕ್ಕ ಸಂಗತಿ. ೧೯೭೪ರಲ್ಲಿ ಇಟಲಿಯ ಎಂಜೊ ಮಾರಿ ಎಂಬ ವಿನ್ಯಾಸಕಾರನು ಸಾಮಾನ್ಯ ಹಲಗೆ ಮೊಳೆಗಳಿಂದಲೇ ಮನೆಯವರು ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಪ್ರಕಟಿಸಿ, ಅಂಚೆಯ ವೆಚ್ಚ ಮಾತ್ರ ಕೊಟ್ಟವರಿಗೆ ಕಳುಹಿಸಿದನು. ತಾನು ಮಾಡಿ ನೋಡಿದವನಿಗೆ ಅಂಗಡಿಯ ವಸ್ತುವಿನ ಗುಣದೋಷಗಳು ತಿಳಿಯುವುವು ಎಂಬುದು ಅವನ ಅಭಿಪ್ರಾಯ. ಇದು ನಮ್ಮ ಅನುಭವಕ್ಕೂ ಒಪ್ಪುವಂಥದು.

ಪುಸ್ತಕದ ಕಪಾಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯನ್ನು ತಂದು ಕೊಯ್ಯುವವನು ಮೊದಲು ಕಲಿಯುವ ಪಾಠವೆಂದರೆ ಹಲಗೆಯು ಬಾಗುತ್ತದೆ ಎಂಬುದು. ದಪ್ಪವನ್ನು ಇಮ್ಮಡಿ ಮಾಡಿದರೆ ಹಲಗೆಯ ಬಿಗಿತವು ಎಂಟು ಮಡಿಯಾಗುತ್ತದೆ. ಆಧಾರಗಳ ನಡುವಣ ಅಂತರವನ್ನು ಹೆಚ್ಚಿಸಿದರೆ ಬಾಗುವಿಕೆಯು ಅದಕ್ಕಿಂತ ಬಹುಪಾಲು ವೇಗವಾಗಿ ಹೆಚ್ಚುತ್ತದೆ. ನಿಘಂಟುಗಳ ಸಾಲನ್ನು ಹೊರಬೇಕಾದ ಹಲಗೆಗೆ ನಡುವೆ ಒಂದು ನಿಲುವನ್ನು ಕೊಡುವುದು ಈ ಕಾರಣಕ್ಕಾಗಿ. ಫಖ್ರುದ್ದೀನ್ ಖಾನನು ಅಚ್ಚು ಹಾಕಿಸಿದ ಭಾರಗಳ ಶಾಸ್ತ್ರವೂ ಬಡಿಗೇರನ ಅನುಭವವೂ ಈ ಒಂದು ಹಲಗೆಯ ಮೇಲೆ ಸಂಧಿಸುತ್ತವೆ. ಒಂದು ಮರದ ತುದಿಯನ್ನು ಕಿರಿದುಮಾಡಿ ಮತ್ತೊಂದರಲ್ಲಿ ಕೊರೆದ ಕಂಡಿಗೆ ಸಡಿಲವಿಲ್ಲದಂತೆ ಕೂರಿಸಲು ಯತ್ನಿಸಿ ಮೂರು ಸಲ ಕೆಟ್ಟವನಿಗೆ, ಬಡಗಿಯು ಕಣ್ಣಳತೆಯಲ್ಲಿ ಮಾಡುವ ಕೆಲಸವು ಎಷ್ಟು ವರ್ಷಗಳ ವಿದ್ಯೆಯೆಂಬುದು ಮನವರಿಕೆಯಾಗುತ್ತದೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಓದಿದವರೂ ಉಳಿ ಹಿಡಿದರೆ ಬಡಗಿಯ ಅನ್ನಕ್ಕೆ ಕೊರತೆಯಾಗದೆ? ರಜೆಯ ದಿನದಲ್ಲಿ ಒಂದು ಕಪಾಟನ್ನು ಮಾಡಿಕೊಳ್ಳುವವನಿಂದ ಆಗುವ ಹಾನಿಗಿಂತ, ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಕಾರ್ಖಾನೆಯ ಸಾಮಾನನ್ನು ಬೆಲೆ ನೋಡಿ ಕೊಂಡು ಕೆಲವು ವರ್ಷಗಳಲ್ಲಿ ಎಸೆಯುವ ಗಿರಾಕಿಯಿಂದ ಆಗುವ ಹಾನಿಯು ಹೆಚ್ಚು. ಕೈ ನೋಯಿಸಿಕೊಂಡವನು ಕೂಲಿಗಾಗಿ ಚೌಕಾಸಿ ಮಾಡುವುದಿಲ್ಲ. ದೊಡ್ಡ ಕೆಲಸಕ್ಕೆ ಒಳ್ಳೆಯ ಬಡಗಿಯನ್ನೇ ಹುಡುಕಿ ಕರೆಯುತ್ತಾನೆ. ‘ಮಾಡು’ವುದನ್ನು ಸ್ವಲ್ಪ ಕಲಿತವನೇ ‘ಮಾಡಿಸು’ವುದನ್ನು ಸರಿಯಾಗಿ ಬಲ್ಲನು.

ಇದರಲ್ಲಿ ಭಾಷೆಯ ಹಿತವೂ ಸೇರಿದೆ. ಹೊರನಾಡಿನಲ್ಲಿ ನಾವು ಕನ್ನಡವನ್ನು ಉಳಿಸುವುದೆಂದರೆ ಕಾವ್ಯಗಳನ್ನೂ ಸಭೆಗಳನ್ನೂ ಉಳಿಸುವುದೆಂದು ಭಾವಿಸಿದ್ದೇವೆ. ಬಾಚಿ, ಉಳಿ, ಬೈರಿಗೆ, ಕೀಸುಳಿ, ಕೊಡತಿ, ಮೂಲೆಮಟ್ಟ ಎಂಬ ಮಾತುಗಳು ಆಡುವ ಬಾಯಿ ಮಾತ್ರದಿಂದ ಉಳಿಯುವುವಲ್ಲ. ಹಿಡಿಯುವ ಕೈಯೂ ಬೇಕು. ನಮ್ಮ ನೆರೆಯ ತೆಲುಗರು ಪ್ರೊ. ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ೧೯೬೨ರಲ್ಲಿ ವ್ಯವಸಾಯದ, ೧೯೭೧ರಲ್ಲಿ ಕೈಮಗ್ಗದ ವೃತ್ತಿಪದಕೋಶಗಳನ್ನು ಹಳ್ಳಿಗಳಿಂದ ಸಂಗ್ರಹಿಸಿ ಪ್ರಕಟಿಸಿದರು. ನಮ್ಮಲ್ಲಿ ಬೀದರ ಕಲಬುರಗಿಗಳಿಂದ ಬಂದ ಹಿರಿಯರು ಇನ್ನೂ ಇದ್ದಾರೆ. ಹಳೆಯ ತೊಟ್ಟಿಲು, ಮಣೆ, ಪೆಟ್ಟಿಗೆಗಳು ಇನ್ನೂ ಕೆಲವು ಮನೆಗಳಲ್ಲಿ ಇವೆ. ಅವು ಯಾವ ಮರದವು, ಯಾವ ಅಳತೆಯವು, ಅವುಗಳ ಅಂಗಗಳಿಗೆ ಏನೆಂದು ಹೆಸರು, ಯಾರ ಅಂಗಳದಲ್ಲಿ ಮಾಡಿದುವು ಎಂಬುದನ್ನು ಪ್ರತಿಯೊಂದು ಮನೆಯವರೂ ಒಂದು ಪುಟದಲ್ಲಿ ಬರೆದಿಟ್ಟರೂ ಸಾಕು, ಮುಂದಿನ ಸಂಶೋಧಕನಿಗೆ ಅದು ಶಾಸನಕ್ಕಿಂತ ಕಡಿಮೆಯ ಸಾಮಗ್ರಿಯಾಗಲಾರದು. ಆ ಪುಟವನ್ನು ಬರೆದ ಮೇಲೆ, ಶಂಶಾಬಾದಿನ ಹೊಸ ಮನೆಯಲ್ಲಿರುವ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು, ಅದೇ ಅಳತೆಯ ಒಂದು ಮಣೆಯನ್ನು ಇಬ್ಬರೂ ಸೇರಿ ಮಾಡಿದರೆ ಇನ್ನೂ ಲೇಸು.